ಹಬ್ಬಕ್ಕೆ ‘ಎಲ್ಲರೂ ಬನ್ನಿ’ ಅಂದರೆ ಸಾಲದು

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಯಹೂದಿಗಳ ಹನುಕ್ಕಾ ಹಬ್ಬದ ದೀಪಗಳ ಒಂದು ಫೋಟೊ ಬರುತ್ತದೆ. ಕೆಳಗೆ ಎರಡು ಸಾಲು ಇರುತ್ತದೆ, ಅಷ್ಟೇ. ಉಳಿದ ದಿನಗಳಲ್ಲಿ ಯಹೂದಿಗಳ ಹೆಸರು ಕಾಣುವುದು ಯುದ್ಧದ ಸುದ್ದಿಯಲ್ಲೇ ಜಾಸ್ತಿ. ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಯಹೂದಿ ಸಮುದಾಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ನಾನು ಯಹೂದಿ ಅಲ್ಲ. ಹಬ್ಬದ ಕಾರ್ಯಕ್ರಮಗಳಿಗೆ ಹೆಸರು ಬರೆದುಕೊಳ್ಳುವುದು, ಕುರ್ಚಿ ಮೇಜು ಹಾಕಿಸುವುದು, ಬರುವವರಿಗೆ ಏನು ಬೇಕು ಎಂದು ಫೋನ್ ಮಾಡಿ ಕೇಳುವುದು ನನ್ನ ಕೆಲಸ. ಇಲ್ಲಿ ನಾನು ಕಂಡದ್ದನ್ನು ನಿಮ್ಮ ಓದುಗರಿಗೂ ಹೇಳಬೇಕು ಅನಿಸಿದೆ. ಪತ್ರ ಸ್ವಲ್ಪ ಉದ್ದವಾಗಿದೆ. ಜಾಗ ಕೊಡುತ್ತೀರಿ ಎಂದು ನಂಬಿದ್ದೇನೆ.

ಮೊದಲು ಈ ಕೇಂದ್ರಗಳ ಬಗ್ಗೆ ಒಂದು ಮಾತು. ಇವು ಪ್ರಾರ್ಥನಾ ಮಂದಿರಗಳಲ್ಲ. ಮಂದಿರಕ್ಕೆ ಸಿನಗಾಗ್ ಎನ್ನುತ್ತಾರೆ, ಅದು ಬೇರೆ. ಸಮುದಾಯ ಕೇಂದ್ರಗಳ ಬೇರು 1854ರಲ್ಲಿ ಬಾಲ್ಟಿಮೋರ್‌ನಲ್ಲಿ ಶುರುವಾದ ಯಹೂದಿ ಯುವಕರ ಒಂದು ಸಾಹಿತ್ಯ ಸಂಘದಲ್ಲಿದೆ. ಆಮೇಲೆ ಯುರೋಪಿನಿಂದ ಹಡಗು ಹತ್ತಿ ಬಂದವರಿಗೆ ಇಂಗ್ಲಿಷ್ ಕಲಿಸುವ, ಓದಲು ಪುಸ್ತಕ ಕೊಡುವ ಜಾಗಗಳಾಗಿ ಇವು ಬೆಳೆದವು. ಈಗ ಒಂದೇ ಕಟ್ಟಡದಲ್ಲಿ ಈಜುಕೊಳ, ಶಿಶುವಿಹಾರ, ವಯಸ್ಸಾದವರಿಗೆ ಮಧ್ಯಾಹ್ನದ ಊಟ, ಮಕ್ಕಳ ಬೇಸಿಗೆ ಶಿಬಿರ ಎಲ್ಲ ಇರುತ್ತದೆ. ಯಹೂದಿ ಅಲ್ಲದವರೂ ಸದಸ್ಯರಾಗಬಹುದು. ಹಬ್ಬ ಬಂದಾಗ ಮೂರು ವರ್ಷದ ಮಗುವೂ ತೊಂಬತ್ತು ದಾಟಿದ ಅಜ್ಜಿಯೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತಾರೆ.

ಆಹ್ವಾನ ಪತ್ರದಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದು ಬರೆಯುವುದು ಸುಲಭ. ಬಂದವರು ಕೂರಲು, ಕೇಳಲು, ತಿನ್ನಲು, ಜೊತೆಗೆ ಹಾಡಲು ಆಗುವಂತೆ ಮೊದಲೇ ಏರ್ಪಾಡು ಮಾಡಿದರೆ ಮಾತ್ರ ಆ ಸಾಲಿಗೆ ಬೆಲೆ. ನಾನು ಹೇಳಬೇಕೆಂದಿರುವುದು ಇದನ್ನೇ. ಯಹೂದಿ ಹಬ್ಬಗಳಲ್ಲಿ ಈ ಏರ್ಪಾಡಿನ ಯೋಚನೆ ಈಚೆಗೆ ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಹಬ್ಬದ ಒಳಗೇ ಅದು ಇದೆ.

ಪೆಸಾಖ್ ಹಬ್ಬವನ್ನೇ ನೋಡಿ. ಇಂಗ್ಲಿಷಿನಲ್ಲಿ ಇದಕ್ಕೆ ಪಾಸ್‌ಓವರ್ ಎನ್ನುತ್ತಾರೆ. ಈಜಿಪ್ಟಿನಲ್ಲಿ ಗುಲಾಮರಾಗಿದ್ದವರು ಬಿಡುಗಡೆಯಾದ ಕತೆಯನ್ನು ಆ ರಾತ್ರಿ ಊಟದ ಮೇಜಿನ ಸುತ್ತ ಕೂತು ಹೇಳಬೇಕು. ಆ ಊಟಕ್ಕೆ ಸೇದರ್ ಎಂದು ಹೆಸರು, ಓದುವ ಪುಸ್ತಕಕ್ಕೆ ಹಗ್ಗದಾ. ಕತೆ ಶುರುವಾಗುವುದು ಪ್ರಶ್ನೆಯಿಂದ. ಪ್ರಶ್ನೆ ಕೇಳುವುದು ಮೇಜಿನಲ್ಲಿ ಎಲ್ಲರಿಗಿಂತ ಚಿಕ್ಕ ಮಗು. ‘ಈ ರಾತ್ರಿ ಬೇರೆ ರಾತ್ರಿಗಳ ಹಾಗೆ ಯಾಕಿಲ್ಲ?’ ಎಂದು ಮಗು ಹಾಡುತ್ತದೆ. ಆಮೇಲೆ ದೊಡ್ಡವರು ಉತ್ತರ ಹೇಳಬೇಕು. ಮಗು ಇಲ್ಲದ ಮನೆಯಲ್ಲಿ ಹೆಂಡತಿ ಕೇಳಬೇಕು. ಒಬ್ಬನೇ ಕೂತಿದ್ದರೆ ತನ್ನನ್ನು ತಾನೇ ಕೇಳಿಕೊಳ್ಳಬೇಕು. ಇದು ತಾಲ್ಮುದ್ ಎಂಬ ಹಳೆಯ ಯಹೂದಿ ಧರ್ಮಶಾಸ್ತ್ರ ಗ್ರಂಥದಲ್ಲಿರುವ ಮಾತು. ಒಬ್ಬಂಟಿಗಳನ್ನೂ ಆ ಕಾಲದಲ್ಲೇ ನೆನಪಿಟ್ಟುಕೊಂಡಿದ್ದಾರೆ.

ಮಕ್ಕಳು ನಿದ್ದೆ ಮಾಡಿಬಿಟ್ಟರೆ? ಅದನ್ನೂ ಯೋಚಿಸಿದ್ದಾರೆ. ರಬ್ಬಿ ಎಂದರೆ ಯಹೂದಿ ಧರ್ಮಗುರು. ರಬ್ಬಿ ಅಕೀವಾ ಎಂಬವರು ಆ ದಿನ ಮಕ್ಕಳಿಗೆ ಹುರಿದ ಕಾಳು, ಬೀಜ ಹಂಚುತ್ತಿದ್ದರಂತೆ. ಮಕ್ಕಳು ಎಚ್ಚರವಾಗಿರಲಿ, ಪ್ರಶ್ನೆ ಕೇಳಲಿ ಎಂದು. ಅವರು ಇದ್ದದ್ದು ಸುಮಾರು 1,900 ವರ್ಷಗಳ ಹಿಂದೆ. ಈಗ ಮಾಟ್ಸಾ ಎಂಬ ಹುಳಿಯಿಲ್ಲದ ರೊಟ್ಟಿಯ ತುಂಡೊಂದನ್ನು ಬಚ್ಚಿಡುತ್ತಾರೆ. ಊಟದ ಕೊನೆಗೆ ಎಲ್ಲರೂ ತಿನ್ನಬೇಕಾದ ತುಂಡು ಅದೇ. ಮಕ್ಕಳು ಅದನ್ನು ಹುಡುಕಿ ತಂದು ಉಡುಗೊರೆ ಕೇಳುತ್ತಾರೆ. ಕೊಡದೆ ಊಟ ಮುಂದೆ ಹೋಗುವುದಿಲ್ಲ. ಆ ಹೊತ್ತಿಗೆ ಇಡೀ ಮೇಜಿನ ಯಜಮಾನಿಕೆ ಮಕ್ಕಳ ಕೈಗೆ ಬಂದಿರುತ್ತದೆ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಾಲ್ಕು ಮಕ್ಕಳ ಭಾಗ. ಹಗ್ಗದಾ ನಾಲ್ಕು ಥರದ ಮಕ್ಕಳ ಬಗ್ಗೆ ಹೇಳುತ್ತದೆ. ಒಬ್ಬ ಬುದ್ಧಿವಂತ. ಒಬ್ಬ ತಿರುಗಿ ಬೀಳುವವನು. ಒಬ್ಬ ಸರಳ ಮನಸ್ಸಿನವನು. ನಾಲ್ಕನೆಯ ಮಗುವಿಗೆ ಪ್ರಶ್ನೆ ಕೇಳುವುದೇ ಗೊತ್ತಿಲ್ಲ. ಆ ಮಗುವಿಗೆ ಏನು ಮಾಡಬೇಕು? ಅದು ಕೇಳುವವರೆಗೆ ಕಾಯಬೇಡ, ನೀನೇ ಮಾತು ಶುರುಮಾಡು ಎನ್ನುತ್ತದೆ ಪುಸ್ತಕ. ನಮ್ಮ ಕೇಂದ್ರದ ಕೆಲಸವೆಲ್ಲ ಈ ಒಂದು ಸಾಲಿನ ಮೇಲೆ ನಿಂತಿದೆ ಎಂದು ನಾನು ತಿಳಿದಿದ್ದೇನೆ. ಮಾತು ಬಾರದ ಮಗು ಬಂದು ‘ನನಗೆ ಚಿತ್ರ ಇರುವ ಪುಸ್ತಕ ಕೊಡಿ’ ಎಂದು ಕೇಳುವುದಿಲ್ಲ. ಕಣ್ಣು ಮಂಜಾದ ಅಜ್ಜ ‘ಅಕ್ಷರ ಕಾಣುತ್ತಿಲ್ಲ’ ಎಂದು ಹತ್ತು ಜನರ ಮುಂದೆ ಹೇಳಲಾರರು. ಸುಮ್ನೆ ಪುಟ ತಿರುಗಿಸುತ್ತಾ ಕೂತುಬಿಡುತ್ತಾರೆ. ಕೊಡುವವರೇ ಮೊದಲು ಕೇಳಬೇಕು, ಅಲ್ವಾ?

ಹಾಗಾಗಿ ಹೆಸರು ಕೊಟ್ಟ ಪ್ರತಿಯೊಂದು ಮನೆಗೂ ನಾವು ಫೋನ್ ಮಾಡುತ್ತೇವೆ. ‘ನಿಮಗೆ ಏನು ತೊಂದರೆ ಇದೆ?’ ಎಂದು ಕೇಳುವುದಿಲ್ಲ. ‘ಆರಾಮಾಗಿ ಕೂತು ಹಬ್ಬ ಮಾಡಲು ನಿಮಗೆ ಏನು ಬೇಕು?’ ಎಂದು ಕೇಳುತ್ತೇವೆ. ಹೀಗೆ ಕೇಳಿದರೆ ಜನ ಮನಸ್ಸು ಬಿಚ್ಚಿ ಹೇಳುತ್ತಾರೆ. ಒಬ್ಬರಿಗೆ ದೊಡ್ಡ ಅಕ್ಷರದ ಹಗ್ಗದಾ ಬೇಕು. ಇನ್ನೊಬ್ಬರಿಗೆ ಬ್ರೈಲ್ ಬೇಕು. ಇವನ್ನು ಒದಗಿಸುವ ಸಂಸ್ಥೆ ನ್ಯೂಯಾರ್ಕಿನಲ್ಲಿ 1931ರಿಂದ ಇದೆ. ಗೋಧಿ ಆಗದವರಿಗೆ ಓಟ್ಸ್‌ನಿಂದ ಮಾಡಿದ ಮಾಟ್ಸಾ ಸಿಗುತ್ತದೆ, ಅದು ಶಾಸ್ತ್ರಕ್ಕೂ ಒಪ್ಪುತ್ತದೆ. ಅವತ್ತು ನಾಲ್ಕು ಬಟ್ಟಲು ದ್ರಾಕ್ಷಾರಸ ಕುಡಿಯುವ ಪದ್ಧತಿ. ಮಕ್ಕಳಿಗೆ, ಬಸುರಿಯರಿಗೆ, ಕುಡಿತ ಬಿಟ್ಟವರಿಗೆ ಮದ್ಯವಿಲ್ಲದ ದ್ರಾಕ್ಷಿ ಜ್ಯೂಸ್ ಸಾಕು. ನಾವು ಎರಡನ್ನೂ ಒಂದೇ ಥರದ ಜಗ್ಗಿನಲ್ಲಿ ಇಟ್ಟು ಕೆಳಗೆ ಚೀಟಿ ಅಂಟಿಸುತ್ತೇವೆ. ಯಾರು ಯಾವುದನ್ನು ಕುಡಿದರು ಎಂದು ಪಕ್ಕದವರಿಗೆ ಗೊತ್ತಾಗಬೇಕಿಲ್ಲ.

ರಾತ್ರಿಯ ಸೇದರ್ ಮುಗಿಯಲು ತಡವಾಗುತ್ತದೆ. ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಸಂಜೆಯಾದ ಮೇಲೆ ಗಾಬರಿ, ಗೊಂದಲ ಜಾಸ್ತಿಯಾಗುತ್ತದೆ. ಅವರಿಗಾಗಿ ಹಬ್ಬಕ್ಕೆ ಕೆಲವು ದಿನ ಮೊದಲು ಬೆಳಗಿನ ಹೊತ್ತಿನಲ್ಲಿ ಒಂದು ಚಿಕ್ಕ ಸೇದರ್ ಇಡುತ್ತೇವೆ. ಶಿಶುವಿಹಾರದ ಮಕ್ಕಳೂ ಅದೇ ಕೋಣೆಗೆ ಬರುತ್ತಾರೆ. ಅಂಥ ಒಂದು ಬೆಳಿಗ್ಗೆ ಮಗಳ ಹೆಸರೂ ನೆನಪಿಲ್ಲದ ಒಬ್ಬ ಅಜ್ಜಿ ಗೋಡೆ ನೋಡುತ್ತಾ ಕೂತಿದ್ದರು. ಮಕ್ಕಳು ನಾಲ್ಕು ಪ್ರಶ್ನೆಗಳ ಹಾಡು ಎತ್ತಿಕೊಂಡರು. ಎರಡನೆಯ ಸಾಲಿನಲ್ಲಿ ಮಕ್ಕಳು ತಡವರಿಸಿದರು. ಅಜ್ಜಿ ಮುಂದಿನ ಸಾಲು ಹಿಡಿದು ಕೊನೆಯವರೆಗೂ ಹಾಡಿದರು. ಹೀಬ್ರೂ ಮಾತು ಒಂದೂ ತಪ್ಪಲಿಲ್ಲ. ಮಗಳು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ವಯಸ್ಸಿಗೊಂದು ಕೋಣೆ, ವಯಸ್ಸಿಗೊಂದು ಕಾರ್ಯಕ್ರಮ ಎಂದು ಬೇರೆ ಬೇರೆ ಮಾಡಿದ್ದರೆ ಇದು ಆಗುತ್ತಲೇ ಇರಲಿಲ್ಲ. ಎಲ್ಲ ವಯಸ್ಸಿನವರಿಗೂ ಕಾರ್ಯಕ್ರಮ ಇದೆ ಎಂದು ಪಟ್ಟಿ ಮಾಡುವ ಸಂಘಗಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಎಲ್ಲ ವಯಸ್ಸಿನವರೂ ಒಂದೇ ಕೋಣೆಯಲ್ಲಿ ಇರುವ ಒಂದು ಗಂಟೆಯಾದರೂ ಇರಲಿ.

ಪುರಿಮ್ ಹಬ್ಬದ ಕಷ್ಟವೇ ಬೇರೆ. ಅದು ಗಲಾಟೆಯ ಹಬ್ಬ. ವೇಷ ಹಾಕಿಕೊಂಡು ಎಸ್ತೇರ್ ರಾಣಿಯ ಕತೆ ಕೇಳುತ್ತಾರೆ. ಯಹೂದಿಗಳನ್ನು ಕೊಲ್ಲಿಸಲು ಹೊರಟ ಹಾಮಾನ್‌ನ ಹೆಸರು ಬಂದಾಗಲೆಲ್ಲ ಮಕ್ಕಳು ಗಿರಗಿರ ತಿರುಗಿಸುವ ಆಟಿಕೆಯಿಂದ, ಕಾಲಿನಿಂದ, ಬಾಯಿಂದ ಸದ್ದು ಮಾಡಿ ಆ ಹೆಸರನ್ನು ಮುಚ್ಚಿಹಾಕಬೇಕು. ಆ ಕತೆಯಲ್ಲಿ ಅವನ ಹೆಸರು 54 ಸಲ ಬರುತ್ತದೆ. ಸದ್ದು ತಡೆಯಲಾಗದ ಮಗುವಿಗೆ, ಆಟಿಸಂ ಇರುವ ಮಗುವಿಗೆ, ಕಿವಿಯಲ್ಲಿ ಶ್ರವಣ ಯಂತ್ರ ಇಟ್ಟುಕೊಂಡ ಹಿರಿಯರಿಗೆ ಇದು ಹಬ್ಬ ಅಲ್ಲ, ಶಿಕ್ಷೆ. ಇದಕ್ಕೆ ನಾವು ಎರಡು ಬಣ್ಣದ ಕಾರ್ಡ್ ಬಳಸುತ್ತೇವೆ. ಹಸಿರು ಕಾರ್ಡ್ ಎತ್ತಿದರೆ ಸದ್ದು ಮಾಡಿ. ಕೆಂಪು ಎತ್ತಿದರೆ ನಿಲ್ಲಿಸಿ. ಯಾವಾಗ ಸದ್ದು ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಮೊದಲೇ ತಿಳಿದರೆ ಅರ್ಧ ಭಯ ಹೋಗುತ್ತದೆ. ಕಿವಿ ಮುಚ್ಚುವ ಹೆಡ್‌ಫೋನ್‌ಗಳ ಬುಟ್ಟಿ ಬಾಗಿಲಲ್ಲೇ ಇರುತ್ತದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಪಕ್ಕದ ಕೋಣೆಯಲ್ಲಿ ಅದೇ ಕತೆ ಸದ್ದಿಲ್ಲದೆ ನಡೆಯುತ್ತದೆ. ಅಲ್ಲಿ ಹಾಮಾನ್ ಹೆಸರು ಬಂದಾಗ ಬಣ್ಣದ ರಿಬ್ಬನ್ ಬೀಸುತ್ತಾರೆ. ಕತೆಯ ಒಂದೊಂದು ಮಾತೂ ಕಿವಿಗೆ ಬೀಳಬೇಕು ಎನ್ನುವುದು ಇವರ ನಿಯಮ. ಹಾಗಾಗಿ ಕೆಂಪು ಕಾರ್ಡಿನಿಂದ ಓದುವ ರಬ್ಬಿಗೂ ಅನುಕೂಲವೇ ಆಯಿತು.

ಅದೇ ದಿನ ಸ್ನೇಹಿತರಿಗೆ ತಿಂಡಿ ಕಳಿಸಬೇಕು, ಕನಿಷ್ಠ ಇಬ್ಬರು ಬಡವರಿಗೆ ದಾನ ಕೊಡಬೇಕು. 12ನೆಯ ಶತಮಾನದ ದೊಡ್ಡ ಪಂಡಿತ ಮೈಮೊನಿಡಿಸ್ ಇದನ್ನು ಖಡಾಖಂಡಿತವಾಗಿ ಬರೆದಿದ್ದಾನೆ. ಹಬ್ಬದೂಟಕ್ಕೆ, ಸ್ನೇಹಿತರ ತಿಂಡಿಗೆ ಖರ್ಚು ಮಾಡುವುದಕ್ಕಿಂತ ಬಡವರಿಗೆ ಹೆಚ್ಚು ಕೊಡು ಎನ್ನುತ್ತಾನೆ. ಇನ್ನೊಂದು ಕಡೆ ಅವನ ಮಾತು ಇನ್ನೂ ಖಾರ. ಬಾಗಿಲು ಹಾಕಿಕೊಂಡು ಹೆಂಡತಿ ಮಕ್ಕಳ ಜೊತೆ ಉಂಡು, ಬಡವರಿಗೆ, ನೊಂದವರಿಗೆ ಇಕ್ಕದೇ ಇದ್ದರೆ ಅದು ಹಬ್ಬದ ಸಂತೋಷವಲ್ಲ, ಹೊಟ್ಟೆಯ ಸಂತೋಷ ಅಷ್ಟೇ ಎಂದು ಬರೆಯುತ್ತಾನೆ. ಇದಕ್ಕೆ ಬುಡ ಬೈಬಲಿನಲ್ಲೇ ಇದೆ. ಹಬ್ಬದಲ್ಲಿ ನೀನು ಸಂತೋಷಪಡು, ನಿನ್ನ ಮಗ, ಮಗಳು, ಆಳು, ಪರದೇಶಿ, ತಬ್ಬಲಿ, ವಿಧವೆ ಎಲ್ಲರೂ ಸಂತೋಷಪಡಲಿ ಎಂದು ಧರ್ಮೋಪದೇಶಕಾಂಡದಲ್ಲಿ ಹೆಸರು ಹಿಡಿದು ಪಟ್ಟಿ ಕೊಟ್ಟಿದ್ದಾರೆ. ‘ಎಲ್ಲರೂ’ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಮುಗಿಸಲಿಲ್ಲ.

ಆ ಪಟ್ಟಿ ಬರುವುದು ಸುಕ್ಕೋತ್ ಹಬ್ಬದ ಮಾತಿನಲ್ಲಿ. ಆಗ ಮನೆಯ ಹೊರಗೆ ಒಂದು ಗುಡಿಸಲು ಕಟ್ಟಿ ಏಳು ದಿನ ಅದರಲ್ಲಿ ಊಟ ಮಾಡುತ್ತಾರೆ. ಮಾಡಿಗೆ ಸೊಪ್ಪು, ಕೊಂಬೆ, ಬಿದಿರು ಹಾಕಬೇಕು. ಒಳಗೆ ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು. ಹಾಗೆಂದು ಪೂರ್ತಿ ಮುಚ್ಚಬಾರದು, ರಾತ್ರಿ ನಕ್ಷತ್ರ ಕಂಡರೆ ಚೆನ್ನ. ಬಾಗಿಲು ಎಷ್ಟು ಅಗಲ ಇರಬೇಕು ಎಂದು ಈ ನಿಯಮಗಳು ಹೇಳುವುದಿಲ್ಲ. ನಾವು 36 ಇಂಚು ಬಿಡುತ್ತೇವೆ. ಹುಲ್ಲಿನ ಮೇಲೆ ಪ್ಲೈವುಡ್ ಹಾಸುತ್ತೇವೆ, ಇಲ್ಲದಿದ್ದರೆ ಗಾಲಿಕುರ್ಚಿಯ ಚಕ್ರ ಹೂತುಕೊಳ್ಳುತ್ತದೆ. ಒಂದು ಕಡೆ ಮೇಜನ್ನು ಎತ್ತರಿಸಿ ಕಾಲು ಒಳಗೆ ಹೋಗುವಂತೆ ಮಾಡುತ್ತೇವೆ. ಅಲಂಕಾರದ ಹಣ್ಣಿನ ಸರ ಕೆಳಗೂ ಇರುತ್ತದೆ, ಕೂತವರೂ ಕಟ್ಟಲಿ ಎಂದು. ಅಂಗವಿಕಲರಿಗೆ ಅನುಕೂಲ ಮಾಡಿಕೊಡಬೇಕೆಂಬ ಅಮೆರಿಕದ 1990ರ ಕಾನೂನು ಪ್ರಾರ್ಥನಾ ಮಂದಿರಗಳಿಗೆ, ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿದೆ. ಆದರೂ ಎಷ್ಟೋ ಸಿನಗಾಗ್‌ಗಳು ವೇದಿಕೆಗೆ ಇಳಿಜಾರು ಕಟ್ಟಿಸಿವೆ, ಸನ್ನೆ ಭಾಷೆಯವರನ್ನು ಕರೆಸುತ್ತಿವೆ. ಕಾನೂನು ಕೇಳದಿದ್ದರೂ ಮಾಡಿದ್ದಾರೆ ಎಂಬುದಕ್ಕೆ ನನ್ನ ಗೌರವ ಇದೆ. ಫೆಬ್ರವರಿ ತಿಂಗಳನ್ನು ಯಹೂದಿ ಸಂಸ್ಥೆಗಳು 2009ರಿಂದ ಅಂಗವಿಕಲರ ವಿಷಯದ ಅರಿವಿಗೆ ಮೀಸಲಿಟ್ಟಿವೆ.

ಎಲ್ಲವೂ ಮೊದಲಿನಿಂದ ಹೀಗೇ ಇತ್ತು ಎಂದು ನಾನು ಹೇಳುತ್ತಿಲ್ಲ. ಹಳೆಯ ನಿಯಮಗಳಲ್ಲಿ ಕಿವಿ ಕೇಳದ, ಮಾತು ಬಾರದವರನ್ನು ಸಣ್ಣ ಮಕ್ಕಳ ಸಾಲಿಗೆ ಸೇರಿಸಿದ್ದರು. ಪ್ರಾರ್ಥನೆಗೆ ಬೇಕಾದ ಹತ್ತು ಜನರಲ್ಲಿ ಅವರ ಲೆಕ್ಕ ಇರಲಿಲ್ಲ. ಸನ್ನೆ ಭಾಷೆ ಮಾತನಾಡುವವರನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಯಹೂದಿಗಳ ಕನ್ಸರ್ವೇಟಿವ್ ಎಂಬ ಪಂಥದ ಸಮಿತಿ ತೀರ್ಮಾನಿಸಿದ್ದು 2011ರಲ್ಲಿ. ಹೆಣ್ಣುಮಕ್ಕಳ ವಿಷಯವೂ ಅಷ್ಟೇ. ಹುಡುಗರಿಗೆ ಹದಿಮೂರಕ್ಕೆ ಬಾರ್ ಮಿಟ್ಸ್ವಾ, ಅಂದರೆ ದೊಡ್ಡವರ ಸಾಲಿಗೆ ಸೇರುವ ವಿಧಿ, ಆಗುತ್ತದೆ. 1922ರಲ್ಲಿ ನ್ಯೂಯಾರ್ಕಿನ ರಬ್ಬಿ ಮೊರ್ದೆಕಾಯ್ ಕಪ್ಲಾನ್ ತಮ್ಮ ಮಗಳು ಜೂಡಿತ್‌ಳನ್ನು ಸಭೆಯ ಮುಂದೆ ನಿಲ್ಲಿಸಿ ಓದಿಸಿದರು. ಹುಡುಗಿಯರ ಈ ವಿಧಿಗೆ ಬಾತ್ ಮಿಟ್ಸ್ವಾ ಎನ್ನುತ್ತಾರೆ. ಅಮೆರಿಕದ ಮೊದಲ ಬಾತ್ ಮಿಟ್ಸ್ವಾ ಎಂದು ಅದನ್ನೇ ನೆನೆಯುತ್ತಾರೆ. ಹಳೆಯ ಸಂಪ್ರದಾಯ ಬಿಡದ ಆರ್ಥೊಡಾಕ್ಸ್ ಪಂಥದವರು ಇಂದಿಗೂ ಹತ್ತು ಜನರ ಲೆಕ್ಕದಲ್ಲಿ ಹೆಂಗಸರನ್ನು ಸೇರಿಸುವುದಿಲ್ಲ. ನಮ್ಮ ಕೇಂದ್ರಕ್ಕೆ ಎಲ್ಲ ಪಂಥದವರೂ ಬರುವುದರಿಂದ ಅಡುಗೆಮನೆ ಎಲ್ಲರಿಗಿಂತ ಕಟ್ಟುನಿಟ್ಟಾದವರ ನಿಯಮದಂತೆ ಕೋಷರ್ ಆಗಿ, ಅಂದರೆ ಯಹೂದಿ ಆಹಾರ ನಿಯಮಕ್ಕೆ ಒಪ್ಪುವಂತೆ, ನಡೆಯುತ್ತದೆ. ಮನೆಯಿಂದ ಅಡುಗೆ ಮಾಡಿ ತರುವಂತಿಲ್ಲ. ಕೆಲವರಿಗೆ ಇದು ಕಿರಿಕಿರಿ. ಆದರೆ ಎಲ್ಲರೂ ಒಂದೇ ಮೇಜಿನಲ್ಲಿ ಉಣ್ಣಲು ಬೇರೆ ದಾರಿ ಇಲ್ಲ.

ಸಿಮ್ಹತ್ ತೋರಾ ಎಂಬ ಹಬ್ಬದಲ್ಲಿ ನನಗೆ ಮೆಚ್ಚುಗೆಯಾದ ಒಂದು ಪದ್ಧತಿ ಇದೆ. ತೋರಾ ಎಂಬ ಧರ್ಮಗ್ರಂಥದ ಮುಂದೆ ಬೇರೆ ದಿನಗಳಲ್ಲಿ ಕರೆಯುವುದು ದೊಡ್ಡವರನ್ನು ಮಾತ್ರ. ಅವತ್ತು ಒಂದು ಸಲ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕರೆಯುತ್ತಾರೆ. ಅವರ ತಲೆಯ ಮೇಲೆ ಪ್ರಾರ್ಥನೆಯ ದೊಡ್ಡ ಶಾಲನ್ನು ಚಪ್ಪರದ ಹಾಗೆ ಹಿಡಿಯುತ್ತಾರೆ. ಎತ್ತಿಕೊಂಡ ಕೂಸೂ ಅದರ ಕೆಳಗೆ ಇರುತ್ತದೆ.

ಇನ್ನು ನನಗೆ ಒಪ್ಪಿಗೆಯಾಗದ ಒಂದು ವಿಷಯ ಹೇಳುತ್ತೇನೆ. ಹೊಸ ವರ್ಷದ ರೋಶ್ ಹಶಾನಾ ಮತ್ತು ಉಪವಾಸ, ಪ್ರಾಯಶ್ಚಿತ್ತದ ಯೋಮ್ ಕಿಪ್ಪುರ್ ವರ್ಷದ ಅತಿ ದೊಡ್ಡ ದಿನಗಳು. ಎಷ್ಟೋ ಸಿನಗಾಗ್‌ಗಳಲ್ಲಿ ಆ ದಿನ ಕೂರಲು ಟಿಕೆಟ್ ಬೇಕು. ಸದಸ್ಯರಲ್ಲದವರಿಗೆ ಕೆಲವು ಕಡೆ ನೂರಾರು ಡಾಲರ್ ಆಗುತ್ತದೆ. ಇದಕ್ಕೆ ಕಾರಣವೂ ಇದೆ. ಹಬ್ಬದ ದಿನ ಹಣ ಮುಟ್ಟುವಂತಿಲ್ಲ, ತಟ್ಟೆ ಹಿಡಿದು ಕಾಣಿಕೆ ಎತ್ತುವಂತಿಲ್ಲ. ಕಟ್ಟಡದ ಖರ್ಚು, ರಬ್ಬಿಯ ಸಂಬಳ ಎಲ್ಲ ಸದಸ್ಯರ ವಾರ್ಷಿಕ ಹಣದಿಂದಲೇ ಬರಬೇಕು. ಕೇಳಿದವರಿಗೆ ಕಡಿಮೆ ಮಾಡುತ್ತಾರೆ, ಇಲ್ಲ ಎಂದು ಕಳಿಸುವವರು ಕಡಿಮೆ. ಆದರೆ ಗಂಡ ಬಿಟ್ಟುಹೋದ ತಾಯಿ, ಕೆಲಸ ಕಳೆದುಕೊಂಡ ಅಪ್ಪ ಕಚೇರಿಗೆ ಫೋನ್ ಮಾಡಿ ‘ನಮ್ಮ ಹತ್ತಿರ ಇಲ್ಲ’ ಎನ್ನುವುದಕ್ಕಿಂತ ಮನೆಯಲ್ಲೇ ಉಳಿಯುತ್ತಾರೆ. ‘ಆದಷ್ಟು ಕೊಡಿ’ ಎಂದು ಬದಲಾಯಿಸಿದ ಸಿನಗಾಗ್‌ಗಳೂ ಇವೆ. ಉಳಿದವರೂ ಬದಲಾಗಬೇಕು ಎಂದು ನನ್ನ ಬಲವಾದ ಅಭಿಪ್ರಾಯ.

ಬಾಗಿಲು ತೆರೆದಿಡುವುದಕ್ಕೆ ಈಗ ಇನ್ನೊಂದು ಬೆಲೆಯೂ ಇದೆ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ಟ್ರೀ ಆಫ್ ಲೈಫ್ ಸಿನಗಾಗ್‌ನಲ್ಲಿ ಪ್ರಾರ್ಥನೆಗೆ ಬಂದ 11 ಜನರನ್ನು ಗುಂಡಿಟ್ಟು ಕೊಂದರು. 2022ರ ಜನವರಿಯಲ್ಲಿ ಟೆಕ್ಸಾಸ್‌ನ ಕಾಲಿವಿಲ್‌ನಲ್ಲಿ ಚಳಿಯ ಬೆಳಿಗ್ಗೆ ಬಾಗಿಲು ತಟ್ಟಿದ ಅಪರಿಚಿತನಿಗೆ ರಬ್ಬಿ ಟೀ ಮಾಡಿಕೊಟ್ಟರು. ಅವನೇ ಬಂದೂಕು ತೆಗೆದು ಅವರನ್ನೂ ಇನ್ನು ಮೂವರನ್ನೂ ಒತ್ತೆ ಇಟ್ಟುಕೊಂಡ. ಕೊನೆಗೆ ರಬ್ಬಿ ಕುರ್ಚಿ ಎಸೆದು ಪಾರಾದರು. ಈಗ ಹಬ್ಬದ ದಿನ ನಮ್ಮ ಬಾಗಿಲಲ್ಲೂ ಬಂದೂಕು ಹಿಡಿದ ಕಾವಲಿನವರು ಇರುತ್ತಾರೆ. ಚೀಲ ನೋಡುತ್ತಾರೆ. ಅದು ಬೇಡ ಎನ್ನಲು ನನಗೆ ಬಾಯಿಲ್ಲ. ಆದರೆ ಯಾರನ್ನು ಎಷ್ಟು ಹೊತ್ತು ನಿಲ್ಲಿಸುತ್ತಾರೆ ಎನ್ನುವುದನ್ನು ಕಣ್ಣಿಟ್ಟು ನೋಡಬೇಕು. ಕಂದು ಬಣ್ಣದ ಯಹೂದಿಗಳಿಗೆ, ಕಪ್ಪು ಯಹೂದಿಗಳಿಗೆ ಒಂದು ಪ್ರಶ್ನೆ ಹೆಚ್ಚಾಗಿ ಬೀಳುತ್ತದೆ.

ಮುಂಬೈಯಿಂದ ಬಂದ ಒಂದು ಬೆನೆ ಇಸ್ರೇಲ್ ಕುಟುಂಬ ನಮ್ಮಲ್ಲಿಗೆ ಬರುತ್ತದೆ. ಕೊಂಕಣ ತೀರದಲ್ಲಿ ಎಣ್ಣೆ ತೆಗೆದು ಬದುಕಿದ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎಂದು ಕರೆಸಿಕೊಂಡ ಸಮುದಾಯ ಅದು. ಮನೆಯಲ್ಲಿ ಮರಾಠಿ. ಇಲ್ಲಿ ಬಂದಾಗಲೆಲ್ಲ ಯಾರಾದರೂ ಒಬ್ಬರು ‘ನೀವು ಹೇಗೆ ಯಹೂದಿ?’ ಎಂದು ಕೇಳುತ್ತಾರಂತೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲದಿರಬಹುದು. ಕೇಳಿಸಿಕೊಂಡವರಿಗೆ ಪ್ರತಿ ಸಲವೂ ಪರೀಕ್ಷೆ. ಮರಗಳ ಹಬ್ಬವಾದ ತು ಬಿಷ್ವಾತ್‌ನಲ್ಲಿ ಈ ಸಲ ನಿಮ್ಮ ಪದ್ಧತಿ ನಡೆಯಲಿ ಎಂದು ನಮ್ಮ ಕಾರ್ಯಕ್ರಮದ ಮುಖ್ಯಸ್ಥರು ಅವರನ್ನು ಕೇಳಿದರು. ಅವರು ನಮ್ಮ ಅಡುಗೆಮನೆಯಲ್ಲೇ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ ಕಲಸಿ, ಹಣ್ಣು ಜೋಡಿಸಿ ಮಲೀದಾ ಮಾಡಿದರು. ಪ್ರವಾದಿ ಎಲಿಯಾನನ್ನು ನೆನೆದು ಹಾಡಿದರು. ಸೇದರ್ ರಾತ್ರಿ ಎಲ್ಲ ಯಹೂದಿಗಳೂ ಒಂದು ಬಟ್ಟಲು ತುಂಬಿಸಿಟ್ಟು, ಬಾಗಿಲು ತೆರೆದು ಕಾಯುವುದು ಅದೇ ಎಲಿಯಾನಿಗಾಗಿ. ಪೋಲೆಂಡ್ ಮೂಲದ ಒಬ್ಬ ಅಜ್ಜ ಎರಡನೆಯ ಸಲ ಅವಲಕ್ಕಿ ಹಾಕಿಸಿಕೊಂಡು, ಆ ಮನೆಯ ಹುಡುಗಿಯ ಹತ್ತಿರ ಹಾಡಿನ ಅರ್ಥ ಕೇಳುತ್ತಾ ಕೂತರು.

ಮನೆಯೊಳಗೂ ಬದಲಾವಣೆ ಆಗಿದೆ. ಪ್ಯೂ ಸಂಶೋಧನಾ ಕೇಂದ್ರದ 2020ರ ಸಮೀಕ್ಷೆಯ ಪ್ರಕಾರ 2010ರ ನಂತರ ಮದುವೆಯಾದ ಅಮೆರಿಕದ ಯಹೂದಿಗಳಲ್ಲಿ 61% ಜನರ ಸಂಗಾತಿ ಯಹೂದಿ ಅಲ್ಲ. ಅಂದರೆ ಹಬ್ಬಕ್ಕೆ ಬರುವ ಎಷ್ಟೋ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಿಗೆ ಹೀಬ್ರೂ ಬರುವುದಿಲ್ಲ, ಯಾವಾಗ ಎದ್ದು ನಿಲ್ಲಬೇಕು ಎಂದು ತಿಳಿಯದು. ಅದಕ್ಕೇ ನಾವು ಪ್ರತಿ ಹಾಡನ್ನೂ ಇಂಗ್ಲಿಷ್ ಅಕ್ಷರದಲ್ಲೂ ಮುದ್ರಿಸುತ್ತೇವೆ, ಪುಟದ ಸಂಖ್ಯೆಯನ್ನು ಜೋರಾಗಿ ಹೇಳುತ್ತೇವೆ. ಮಕ್ಕಳಿರುವ ಮನೆಗಳಿಗೆ 2005ರಿಂದ ಪಿಜೆ ಲೈಬ್ರರಿ ಎಂಬ ಯೋಜನೆ ಯಹೂದಿ ಕತೆಗಳ ಪುಸ್ತಕವನ್ನು ಉಚಿತವಾಗಿ ಅಂಚೆಯಲ್ಲಿ ಕಳಿಸುತ್ತಿದೆ. ಮಗುವಿಗೆ ಓದಿ ಹೇಳುತ್ತಾ ಹಬ್ಬ ಕಲಿತ ಯಹೂದಿಯಲ್ಲದ ತಾಯಂದಿರು ನಮ್ಮ ಮೇಜುಗಳಲ್ಲಿ ಬಹಳ ಇದ್ದಾರೆ.

ಪತ್ರಿಕೆಗಳಲ್ಲಿ ಫೋಟೊ ಬರುವ ಹನುಕ್ಕಾ ಇವುಗಳ ಮುಂದೆ ಚಿಕ್ಕ ಹಬ್ಬ. ಎಂಟು ರಾತ್ರಿ ದೀಪ ಹಚ್ಚುತ್ತಾರೆ. ಆಮ್ಲಜನಕದ ಯಂತ್ರ ಇರುವ ಹಿರಿಯರ ಕೋಣೆಯಲ್ಲಿ ಬೆಂಕಿ ಹಚ್ಚುವಂತಿಲ್ಲ. ಅವರಿಗೆ ನಾವು ಮೆನೋರಾ ಎಂಬ ಹಬ್ಬದ ದೀಪಸ್ತಂಭವನ್ನು ವಿದ್ಯುತ್ ದೀಪದ್ದೇ ಒಯ್ದು ಕೊಡುತ್ತೇವೆ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಮುಂದಿನ ಪೆಸಾಖ್ ಹೊತ್ತಿಗೆ ಅಮೆರಿಕದಲ್ಲಿರುವ ನಿಮ್ಮ ಬರಹಗಾರರೊಬ್ಬರನ್ನು ಒಂದು ಸಮುದಾಯ ಸೇದರ್‌ಗೆ ಕಳಿಸಿ. ಫೋಟೊ ಮಾತ್ರ ತೆಗೆದು ಬರಬೇಡಿ ಎನ್ನಿ. ಹಬ್ಬದ ದಿನ ಕ್ಯಾಮೆರಾ ಬಳಸದವರೂ ಇರುತ್ತಾರೆ, ಕೇಳಿ ತೆಗೆಯಬೇಕು. ಚಿಕ್ಕವರ ಪಕ್ಕ ಒಂದಷ್ಟು ಹೊತ್ತು, ಹಿರಿಯರ ಪಕ್ಕ ಒಂದಷ್ಟು ಹೊತ್ತು ಕೂತು ಬರೆಯಲಿ.

ಇಲ್ಲಿರುವ ಕನ್ನಡದ ಓದುಗರಿಗೂ ಒಂದು ಮಾತು. ಯಹೂದಿ ನೆರೆಯವರು ಸೇದರ್‌ಗೆ ಕರೆದರೆ ಸಂಕೋಚ ಮಾಡಿಕೊಳ್ಳಬೇಡಿ, ಹೋಗಿ. ‘ಹಸಿದವರು ಬಂದು ಉಣ್ಣಿ’ ಎಂದು ಆ ರಾತ್ರಿಯ ಓದು ಶುರುವಾಗುತ್ತದೆ, ಅವರು ಮನಸ್ಸಿಟ್ಟೇ ಕರೆದಿರುತ್ತಾರೆ. ಸಸ್ಯಾಹಾರಿಗಳಾದರೆ ಮೊದಲೇ ಹೇಳಿ. ಸೇದರ್ ತಟ್ಟೆಯಲ್ಲಿ ಮೂಳೆಯ ಬದಲು ಬೀಟ್‌ರೂಟ್ ಇಡುವ ಮನೆಗಳಿವೆ, ಅದಕ್ಕೂ ತಾಲ್ಮುದ್‌ನಲ್ಲಿ ಆಧಾರ ಇದೆ. ಆ ವಾರ ಬ್ರೆಡ್ಡು, ಬಿಸ್ಕತ್ತು, ಮನೆಯ ತಿಂಡಿ ಒಯ್ಯಬೇಡಿ, ಹೂವು ಒಯ್ಯಿರಿ. ಹೊಟ್ಟೆಗೆ ಸ್ವಲ್ಪ ಹಾಕಿಕೊಂಡು ಹೋಗಿ, ಊಟ ಬಡಿಸುವುದು ಅರ್ಧ ಪುಸ್ತಕ ಮುಗಿದ ಮೇಲೆ. ಸಮುದಾಯ ಕೇಂದ್ರದ ಸೇದರ್‌ಗೆ ಹೋಗುವುದಾದರೆ ಹೆಸರನ್ನು ತಡಮಾಡದೆ ಕೊಡಿ. ಅತ್ತೆಗೆ ಮಂಡಿನೋವು ಇದ್ದರೆ, ಮಗುವಿಗೆ ಸದ್ದು ಆಗದಿದ್ದರೆ ಅದನ್ನೂ ಆಗಲೇ ತಿಳಿಸಿ. ಯಾರನ್ನು ಎಲ್ಲಿ ಕೂರಿಸಬೇಕು ಎಂದು ನಾವು ತೀರ್ಮಾನ ಮಾಡುವುದು ಹಬ್ಬಕ್ಕೆ ವಾರ ಮೊದಲು.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ನ್ಯೂಜೆರ್ಸಿ, ಅಮೆರಿಕ